ಈ ಒಂದು ವರ್ಷದ ಲೆಕ್ಕ



2025ರ ಜನವರಿ 9, ಗುರುವಾರ. ಸಂಜೆ 4 ಗಂಟೆಯ ಸುಮಾರಿಗೆ ನಮ್ಮ ಮನೆಯ ಮೊಬೈಲುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಬೆಂಕಿ ಹತ್ತಿರದಲ್ಲಿದೆ, ಮನೆ ಬಿಡಲು ತಯಾರಾಗಿ ಎಂಬ ಎಚ್ಚರಿಕೆ. ನಾವಾಗ ಇದ್ದದ್ದು ಲಾಸ್ ಏಂಜಲೀಸ್ ಪಕ್ಕದ ಕ್ಯಾಲಬಾಸಸ್‌ನಲ್ಲಿ. ಆ ಹೆಸರು ಕೇಳಿದರೆ ಇಲ್ಲಿನವರಿಗೆ ಸಿನಿಮಾದವರ ಬಂಗಲೆಗಳ ನೆನಪಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ಕುಂಬಳಕಾಯಿ, ಅಷ್ಟೇ. ನಮ್ಮದು ಬಂಗಲೆ ಅಲ್ಲ, ಎರಡು ಕೋಣೆಯ ಬಾಡಿಗೆ ಮನೆ. ಬಡ್ಡಿ ಸಾಲಕ್ಕೆ ಕೈ ಹಾಕುವುದು ಬೇಡವೆಂದು ವರ್ಷಗಟ್ಟಲೆ ಬಾಡಿಗೆಯಲ್ಲೇ ಕಳೆದಿದ್ದೆವು.

ಎರಡು ದಿನ ಮೊದಲು ಪ್ಯಾಲಿಸೇಡ್ಸ್‌ನಲ್ಲಿ, ಅದೇ ಸಂಜೆ ಆಲ್ಟಡೀನಾ ಕಡೆ ಬೆಂಕಿ ಎದ್ದಿತ್ತು. ಕೊನೆಗೆ ಎರಡೂ ಸೇರಿ 31 ಜೀವ ಹೋಯಿತು, 16 ಸಾವಿರಕ್ಕೂ ಹೆಚ್ಚು ಕಟ್ಟಡ ಬೂದಿಯಾಯಿತು. ಆಲ್ಟಡೀನಾದ ಮಸ್ಜಿದ್ ಅಲ್-ತಖ್ವಾ ಕೂಡ ಉಳಿಯಲಿಲ್ಲ. ನಮ್ಮ ಬಳಿ ಹತ್ತಿದ್ದು ಕೆನೆತ್ ಎಂಬ ಸಣ್ಣ ಬೆಂಕಿ. ನಮ್ಮ ಆಸುಪಾಸಿನವರಿಗೆ ಮಾತ್ರ ಹೋಗಬೇಕಿದ್ದ ಆ ಎಚ್ಚರಿಕೆ ತಪ್ಪಿ ಇಡೀ ಕೌಂಟಿಯ ಸುಮಾರು ಒಂದು ಕೋಟಿ ಜನರಿಗೆ ಹೋಯಿತೆಂದು ಆಮೇಲೆ ಗೊತ್ತಾಯಿತು. ಆ ಕ್ಷಣಕ್ಕೆ ಯಾರಿಗೆ ಗೊತ್ತು? ನಾವು ಪಾಸ್‌ಪೋರ್ಟು, ಮಕ್ಕಳ ಸರ್ಟಿಫಿಕೇಟು, ಉಮ್ಮ ಕೊಟ್ಟ ಮುಸಲ್ಲಾ, ಒಂದಷ್ಟು ಬಟ್ಟೆ ಕಾರಿಗೆ ತುಂಬಿದೆವು. ಆಗ ಮನೆಯವರು ಬಾಗಿಲಲ್ಲಿ ನಿಂತು ಕೇಳಿದರು: "ನಮಗೆ ಒಟ್ಟು ಎಷ್ಟಿದೆ? ಎಲ್ಲಿದೆ? ನಿಮಗೇನಾದರೂ ಆದರೆ ನಾನು ಯಾರನ್ನು ಕೇಳಬೇಕು?"

ಉತ್ತರ ಇರಲಿಲ್ಲ. ಇಪ್ಪತ್ತು ವರ್ಷ ಊರವರ ಲೆಕ್ಕ ಬರೆದು ಬದುಕಿದವರು ನಾವು. ಒಂದು ಡಾಲರ್ ಹೆಚ್ಚು ಕಮ್ಮಿಯಾದರೆ ರಾತ್ರಿಯಿಡೀ ಕೂತು ಹುಡುಕುವ ಜಾತಿ. ಸ್ವಂತ ಮನೆಯ ಲೆಕ್ಕ ಮಾತ್ರ ತಲೆಯೊಳಗೇ ಇತ್ತು, ಒಂದು ಹಾಳೆಯಲ್ಲೂ ಇರಲಿಲ್ಲ.

ಬೆಂಕಿ ನಮ್ಮ ಮನೆ ಮುಟ್ಟಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಚೀಲ ಬಿಚ್ಚಿದೆವು, ಪ್ರಶ್ನೆಯನ್ನು ಮರೆತೆವು. ರಂಝಾನ್ ಬಂತು, ಹೋಯಿತು. ಈದುಲ್ ಫಿತ್ರ್ ಕಳೆದ ಮರುವಾರ ಕಂಪೆನಿಯವರು ಕರೆದು ನಮ್ಮ ವಿಭಾಗ ಮುಚ್ಚುತ್ತಿದ್ದೇವೆ ಅಂದರು. ಹದಿನೈದು ನಿಮಿಷದ ಮಾತು. ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಬಂದೆವು.

ಗಲ್ಫ್‌ನಲ್ಲಿರುವ ನಮ್ಮವರು ಅಮೆರಿಕ ಎಂದರೆ ಭದ್ರ ಎಂದುಕೊಂಡಿರುತ್ತಾರೆ. ಎಚ್-1ಬಿ ವೀಸಾದವನಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕಂಪೆನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ಸ್ಥಾನಮಾನಕ್ಕೆ ಬದಲಾಗಬೇಕು, ಅದೂ ಇಲ್ಲವಾದರೆ ಹೆಂಡತಿ ಮಕ್ಕಳೊಂದಿಗೆ ಹೊರಡಬೇಕು. ದುಬೈಯಲ್ಲಿ ವೀಸಾ ಕ್ಯಾನ್ಸಲ್ ಆದವನ ಎದೆಬಡಿತಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಇಲ್ಲಿ ಶಾಲೆಯಲ್ಲಿ ಓದುವ ಮಕ್ಕಳಿರುತ್ತಾರೆ, ವರ್ಷದ ಬಾಡಿಗೆ ಕರಾರು ಇರುತ್ತದೆ, ಅದು ಮೇಲಿಂದ ಹೆಚ್ಚುವರಿ ಹೊರೆ.

ಆ ದಿನಗಳಲ್ಲಿ ನಾವು ಮಾಡಿದ ದೊಡ್ಡ ತಪ್ಪು ಊರಿಗೆ ಹೇಳದೇ ಇದ್ದದ್ದು. ಪ್ರತಿದಿನ ಉಮ್ಮನಿಗೆ ಫೋನ್ ಮಾಡುವಾಗ ಆಫೀಸಿಗೆ ಹೊರಟಿದ್ದೇವೆ ಎಂದೇ ಹೇಳುತ್ತಿದ್ದೆವು. ಮಕ್ಕಳ ಮುಂದೆಯೇ ಸುಳ್ಳು. ತಂಗಿಯ ಮಗಳ ಮದುವೆಗೆ ಮಾತು ಕೊಟ್ಟಿದ್ದ ಹಣವನ್ನೂ ಕಳಿಸಿದೆವು. ಸಣ್ಣವನಾಗಿ ಕಾಣಬಾರದು, ಅದೊಂದೇ. ನಲ್ವತ್ತೈದು ದಾಟಿದವನಿಗೆ ಕೆಲಸ ಹೋಗುವುದೆಂದರೆ ಮರ್ಯಾದೆ ಹೋದಂತೆ ಎಂದು ನಮ್ಮೊಳಗೆ ಯಾರು ಬರೆದಿಟ್ಟರೋ. ಇಪ್ಪತ್ತೈದರಲ್ಲಿ ಕೆಲಸ ಬಿಟ್ಟರೆ ಹೊಸದು ಹುಡುಕುತ್ತಿದ್ದಾನೆ ಅಂತಾರೆ, ನಲ್ವತ್ತೈದರಲ್ಲಿ ಹೋದರೆ ಏನಾಯ್ತಂತೆ ಅಂತಾರೆ.

51ನೇ ದಿನ ಸ್ಯಾನ್ ಡಿಯೇಗೋದಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ, ಮೇಲಧಿಕಾರಿ ನಮಗಿಂತ ಹನ್ನೆರಡು ವರ್ಷ ಕಿರಿಯ. ಮನೆಯ ಕರಾರು ಮುಗಿಯುವವರೆಗೆ ಸಂಸಾರ ಕ್ಯಾಲಬಾಸಸ್‌ನಲ್ಲಿ, ನಾವು ಸ್ಯಾನ್ ಡಿಯೇಗೋದಲ್ಲಿ ಒಂದು ಕೋಣೆಯಲ್ಲಿ. ನಡುವೆ 240 ಕಿಲೋಮೀಟರ್. ಶುಕ್ರವಾರ ಕ್ಲೇರ್‌ಮಾಂಟ್‌ನ ಇಸ್ಲಾಮಿಕ್ ಸೆಂಟರ್‌ನಲ್ಲಿ ಜುಮಾ ಮುಗಿಸಿ, ಸಂಜೆ ಕೆಲಸ ಬಿಟ್ಟು ಹೊರಟರೆ 5ನೇ ನಂಬರ್ ಹೆದ್ದಾರಿ, ಆಮೇಲೆ 405, ಆಮೇಲೆ 101. ಟ್ರಾಫಿಕ್ ಇದ್ದ ದಿನ ಐದು ಗಂಟೆ. ಸ್ಯಾನ್ ಕ್ಲೆಮೆಂಟೆ ಬಳಿ ಉತ್ತರಕ್ಕೆ ಹೋಗುವ ದಾರಿಯಲ್ಲಿ ಗಡಿ ಪೊಲೀಸರ ತಪಾಸಣೆ ಠಾಣೆ ಇದೆ. ಎಷ್ಟೋ ದಿನ ಅದು ಮುಚ್ಚಿರುತ್ತದೆ, ಆದರೂ ಅರ್ಜಿಯ ರಸೀದಿ ಜೇಬಿನಲ್ಲಿಟ್ಟುಕೊಂಡೇ ಆ ಜಾಗ ದಾಟುತ್ತಿದ್ದೆವು. ಗಲ್ಫ್‌ನ ಬ್ಯಾಚುಲರ್ ರೂಮುಗಳಲ್ಲಿ ಮದುವೆಯಾದ ಗಂಡಸರು ಹೇಗೆ ಬದುಕುತ್ತಾರೆಂದು ನಾವು ಈ ಪತ್ರಿಕೆಯಲ್ಲೇ ಮರುಕದಿಂದ ಬರೆದದ್ದುಂಟು. ಎರಡೂವರೆ ತಿಂಗಳು ಅದನ್ನೇ ಬದುಕಿದ ಮೇಲೆ ಆ ಬರಹ ತೆಗೆದು ಓದಿದೆವು. ಮರುಕ ಜಾಸ್ತಿ ಇತ್ತು, ತಿಳುವಳಿಕೆ ಕಮ್ಮಿ ಇತ್ತು.

ಇಷ್ಟರ ನಡುವೆ ಜುಲೈ ತಿಂಗಳಲ್ಲಿ ಉಮ್ಮ ಬಿದ್ದರು.

ಊರಿನ ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಉಳ್ಳಾಲ, ದೇರಳಕಟ್ಟೆ, ಫರಂಗಿಪೇಟೆ, ಬಜ್ಪೆ, ಯಾವ ಕಡೆ ಹೋದರೂ ನಮ್ಮವರು ಕಟ್ಟಿದ ಮನೆಗಳು ಗುರುತು ಸಿಗುತ್ತವೆ. ಎರಡು ಮಹಡಿ, ಐದು ಬೆಡ್‌ರೂಮು, ಮುಂದೆ ಕಂಬ, ಗೇಟಿಗೆ ಬಂಗಾರದ ಬಣ್ಣ. ಒಳಗೆ ಒಬ್ಬರು ಮುದುಕಿ, ಹೆಚ್ಚೆಂದರೆ ಒಬ್ಬಳು ಸೊಸೆ, ಒಂದು ಮಗು. ಮೇಲಿನ ಕೋಣೆಗಳಿಗೆ ಮಳೆಗಾಲದಲ್ಲಿ ಪಾಚಿ, ಬೇಸಗೆಯಲ್ಲಿ ಧೂಳು. ಕಟ್ಟಿದವನಿಗೆ ಅದರಲ್ಲಿ ಮಲಗುವ ಭಾಗ್ಯ ವರ್ಷಕ್ಕೆ 30 ದಿನ, ಅದರಲ್ಲೂ ಅರ್ಧ ದಿನ ನೆಂಟರ ಮನೆಯಲ್ಲಿ. ನಮ್ಮದೂ ಅಂಥದ್ದೇ. ನೆಲಕ್ಕೆ ಹೊಳೆಯುವ ಗ್ರಾನೈಟ್ ಬೇಕೆಂದು ವಾಟ್ಸಾಪ್‌ನಲ್ಲಿ ಬಂದ ಆರು ಫೋಟೋ ನೋಡಿ ಆರಿಸಿದ್ದು ನಾವೇ. ಸೆಗಣಿ ಸಾರಿಸಿದ ನೆಲ, ಆಮೇಲೆ ರೆಡ್ ಆಕ್ಸೈಡ್ ನೆಲದಲ್ಲಿ ಅರುವತ್ತು ವರ್ಷ ಜಾರದೆ ನಡೆದ ಉಮ್ಮ, ನಾವು ಆರಿಸಿದ ಕಲ್ಲಿನ ಮೇಲೆ, ಮಳೆನೀರು ಸಿಡಿದ ಹೊಸ್ತಿಲ ಬಳಿ ಜಾರಿ ಸೊಂಟ ಮುರಿದುಕೊಂಡರು.

ಊರಲ್ಲಿ ಮಧ್ಯಾಹ್ನ 2 ಗಂಟೆ. ಇಲ್ಲಿ ರಾತ್ರಿ ಒಂದೂವರೆ. ಮಂಗಳೂರಿನ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಬೇಕಿತ್ತು. ಹಣ ಇತ್ತು, ನಮ್ಮ ಎನ್‌ಆರ್‌ಇ ಖಾತೆಯಲ್ಲಿ. ಖಾತೆ ನಮ್ಮೊಬ್ಬರದೇ, ಓಟಿಪಿ ಬರುವುದು ನಮ್ಮ ದಿಂಬಿನ ಬಳಿ ಸೈಲೆಂಟ್‌ನಲ್ಲಿದ್ದ ಫೋನಿಗೆ. ಫಜ್ರ್‌ಗೆ ಎದ್ದು ನೋಡುವಾಗ 23 ಮಿಸ್ಡ್ ಕಾಲ್. ಅಷ್ಟರಲ್ಲಿ ತಂಗಿ ಪಕ್ಕದ ಮನೆಯವರಿಂದ ಸಾಲ ತಂದು ಕಟ್ಟಿಯಾಗಿತ್ತು. ಪಕ್ಕದ ಮನೆಯಾತ ಆಟೋ ಓಡಿಸುವವರು. ಅಮೆರಿಕದಲ್ಲಿರುವ ಅಕೌಂಟೆಂಟ್ ಮಗನ ಉಮ್ಮನಿಗೆ ಆಟೋ ಚಾಲಕನ ಉಳಿತಾಯ.

ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಊರಿಗೆ ಹೋದರೆ ಚೆನ್ನೈ ಕಾನ್ಸುಲೇಟಿನಲ್ಲಿ ಹೊಸ ಮುದ್ರೆ ಆಗದೆ ಮರಳುವಂತಿಲ್ಲ, ಹೊಸ ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಅಕ್ಟೋಬರಿಗೆ ಎಂದು ಟಿಕೆಟ್ ನೋಡುತ್ತಿದ್ದಾಗ ಸೆಪ್ಟೆಂಬರ್ 19ರಂದು ಎಚ್-1ಬಿಗೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ಆ ರಾತ್ರಿ ಹತ್ತಿದ ವಿಮಾನದಿಂದ ಇಳಿದವರೂ ಇದ್ದರು. ಅದು ಹೊಸ ಅರ್ಜಿಗಳಿಗೆ ಮಾತ್ರ ಎಂದು ಮರುದಿನ ಸ್ಪಷ್ಟನೆ ಬಂದರೂ ನಮ್ಮ ಧೈರ್ಯ ಮರಳಲಿಲ್ಲ. ಟಿಕೆಟ್ ತೆಗೆಯಲಿಲ್ಲ. ಅದು ಸರಿಯೋ ತಪ್ಪೋ, ಇವತ್ತಿಗೂ ನಮಗೆ ತೀರ್ಮಾನವಾಗಿಲ್ಲ.

ಇಷ್ಟು ಸ್ವಂತ ಕಥೆಯನ್ನು ಸಂಪಾದಕೀಯದಲ್ಲಿ ಬರೆದದ್ದು ಅನುಕಂಪಕ್ಕಲ್ಲ. ನಮ್ಮ ಸಮುದಾಯಕ್ಕೆ ಈ ನಡುವಯಸ್ಸಿನ ಪೆಟ್ಟು ಹೊಸದಲ್ಲ. 1990ರಲ್ಲಿ ಕುವೈತ್‌ನಿಂದ 1 ಲಕ್ಷ 70 ಸಾವಿರದಷ್ಟು ಭಾರತೀಯರು ಅಮ್ಮಾನ್ ಮೂಲಕ ಬರಿಗೈಯಲ್ಲಿ ಬಂದಾಗ ಅವರಲ್ಲಿ ನಮ್ಮವರಿದ್ದರು. 2011ರಲ್ಲಿ ಸೌದಿಯ ನಿತಾಖತ್ ಬಂತು. 2017ರ ಜುಲೈಯಿಂದ ಅಲ್ಲಿ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಲೆವಿ, ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400. ಹೆಂಡತಿ, ಮೂವರು ಮಕ್ಕಳೆಂದರೆ ವರ್ಷಕ್ಕೆ 19,200 ರಿಯಾಲ್. ಎಷ್ಟು ಸಂಸಾರ ಜುಬೈಲ್, ದಮ್ಮಾಮ್‌ನಿಂದ ಊರಿಗೆ ಬಂದು ಗಂಡ ಅಲ್ಲಿ, ಹೆಂಡತಿ ಇಲ್ಲಿ ಆಯಿತು! ಅದರ ಹಿಂದೆಯೇ ಕೊರೋನಾ. ಪ್ರತಿ ಸಲವೂ ಹೆಚ್ಚು ನೊಂದದ್ದು ನಲ್ವತ್ತು ದಾಟಿದವರು. ಹೊಸದಾಗಿ ಶುರು ಮಾಡಲು ವಯಸ್ಸು ಜಾಸ್ತಿ, ಕೂತು ಉಣ್ಣಲು ಉಳಿತಾಯ ಕಮ್ಮಿ. ಉಳಿತಾಯವೆಲ್ಲ ಗ್ರಾನೈಟ್ ಆಗಿ ನೆಲದಲ್ಲಿ ಹಾಸಿರುತ್ತದೆ.

ಕೆಲಸದ ಕೊನೆಯಲ್ಲಿ ಕೈಗೆ ಬರುವುದು ಎಷ್ಟೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಅಂದಾಜಿನಲ್ಲಿ ಹೇಳುತ್ತಾರೆ. ಒಂದು ಲೆಕ್ಕ ಹಾಕಿ ನೋಡೋಣ. ಯುಎಇಯಲ್ಲಿ ಗ್ರ್ಯಾಚುಯಿಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ವರ್ಷಕ್ಕೆ 30 ದಿನದ್ದು. 2,000 ದಿರ್ಹಮ್ ಮೂಲ ವೇತನದಲ್ಲಿ 12 ವರ್ಷ ದುಡಿದವನಿಗೆ 105 ಮತ್ತು 210, ಒಟ್ಟು 315 ದಿನದ ಸಂಬಳ, ಅಂದರೆ 21,000 ದಿರ್ಹಮ್. ಗಮನಿಸಿ, ಮೂಲ ವೇತನದ ಮೇಲೆ ಮಾತ್ರ. ರೂಮು, ಊಟ, ಓವರ್‌ಟೈಮ್ ಸೇರಿಸಿ ಕನಸು ಕಂಡವರು ಕೊನೆಗೆ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಸೌದಿಯಲ್ಲಿ ಮೊದಲ ಐದು ವರ್ಷ ಅರ್ಧ ತಿಂಗಳಂತೆ, ಆಮೇಲೆ ಒಂದು ತಿಂಗಳಂತೆ; ಆದರೆ ತಾನಾಗಿ ರಾಜೀನಾಮೆ ಕೊಟ್ಟರೆ ಎರಡು ವರ್ಷದೊಳಗೆ ಏನೂ ಇಲ್ಲ, ಐದು ವರ್ಷದೊಳಗೆ ಮೂರನೇ ಒಂದು ಪಾಲು, ಹತ್ತರೊಳಗೆ ಮೂರನೇ ಎರಡು. ಒಂಬತ್ತು ವರ್ಷ ಹತ್ತು ತಿಂಗಳಿಗೆ ಸಿಟ್ಟಿನಲ್ಲಿ ಬಿಟ್ಟು ಬಂದವರನ್ನು ನಾವು ಬಲ್ಲೆವು.

ಯುಎಇಯಲ್ಲಿ 2023ರಿಂದ ಉದ್ಯೋಗ ನಷ್ಟ ವಿಮೆ ಕಡ್ಡಾಯ. ಮೂಲ ವೇತನ 16,000 ದಿರ್ಹಮ್‌ವರೆಗೆ ಇರುವವರಿಗೆ ತಿಂಗಳಿಗೆ ಬರೀ 5 ದಿರ್ಹಮ್, ಒಂದು ಚಹಾ-ಪರೋಟದ ದುಡ್ಡು. ಸತತ 12 ತಿಂಗಳು ಕಟ್ಟಿದವರಿಗೆ ಕೆಲಸ ಹೋದರೆ ಮೂಲ ವೇತನದ ಶೇ. 60ರಷ್ಟು, ಮೂರು ತಿಂಗಳವರೆಗೆ. 30 ದಿನದೊಳಗೆ ಅರ್ಜಿ ಹಾಕಬೇಕು, ರಾಜೀನಾಮೆ ಕೊಟ್ಟವರಿಗಿಲ್ಲ. ದಂಡದ ಹೆದರಿಕೆಗೆ ಕಟ್ಟುವವರು ತುಂಬಾ ಇದ್ದಾರೆ, ಕೆಲಸ ಹೋದಾಗ ಅದನ್ನು ಕೇಳಬಹುದೆಂದು ನೆನಪಿಡುವವರು ಕಡಿಮೆ.

ಊರಿನ ಖಾತೆಯ ವಿಷಯ. ಎನ್‌ಆರ್‌ಇ ಖಾತೆಗೆ ಊರಲ್ಲಿರುವ ಹತ್ತಿರದ ಸಂಬಂಧಿಯನ್ನು ಜಂಟಿಯಾಗಿ ಸೇರಿಸಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇದೆ. 'ಫಾರ್ಮರ್ ಆರ್ ಸರ್ವೈವರ್' ಎಂಬ ಬಗೆ ಅದು. ನೀವಿರುವವರೆಗೆ ಖಾತೆ ನಿಮ್ಮದು, ಅವರು ಮುಕ್ತಿಯಾರ್ ಪತ್ರದ ಮೇಲೆ ಊರಿನ ಖರ್ಚಿಗೆ ಹಣ ತೆಗೆಯಬಹುದು. ಅಷ್ಟು ಓಡಾಟ ಬೇಡವೆಂದರೆ ಮೂರು ತಿಂಗಳ ಖರ್ಚು ಮತ್ತು ಒಂದು ಆಸ್ಪತ್ರೆ ಮುಂಗಡದಷ್ಟು ಹಣವನ್ನು ಹೆಂಡತಿಯ ಹೆಸರಿನ ಖಾತೆಯಲ್ಲೇ ಇಡಿ. ಅವಳು ಖರ್ಚು ಮಾಡಿಬಿಟ್ಟರೆ ಎಂಬ ಮಾತು ನಮಗೆ ಹಲವರು ಹೇಳಿದ್ದಾರೆ. ಇಪ್ಪತ್ತು ವರ್ಷ ನಿಮ್ಮ ಮಕ್ಕಳನ್ನು, ನಿಮ್ಮ ಉಮ್ಮನನ್ನು ಒಪ್ಪಿಸಿದ್ದು ಅವಳಿಗೇ ತಾನೆ? ಇನ್ನು ಶಾಶ್ವತವಾಗಿ ಮರಳುವವರು ಎನ್‌ಆರ್‌ಇ ಖಾತೆಯನ್ನು ಹಾಗೇ ಬಿಡಬಾರದು, ನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಬೇಕು. ಅದಕ್ಕೆ ಬ್ಯಾಂಕಿನವರು ಹುಡುಕಿಕೊಂಡು ಬರಲಿ ಎಂದು ಕಾಯಬೇಡಿ.

ನಾವು ಆಗಸ್ಟ್‌ನಲ್ಲಿ ಕ್ಯಾಲಬಾಸಸ್ ಬಿಟ್ಟೆವು. ಸ್ಯಾನ್ ಡಿಯೇಗೋದ ಹೊಸ ಮನೆಯಲ್ಲಿ ಪೆಟ್ಟಿಗೆ ಬಿಚ್ಚುವ ಮೊದಲೇ ಮನೆಯವರು ಒಂದು ಹಾಳೆ ಮತ್ತು ಪೆನ್ನು ತಂದು ನಮ್ಮ ಮುಂದೆ ಕೂತರು. ಜನವರಿಯ ಪ್ರಶ್ನೆಯನ್ನು ಅವರು ಮರೆತಿರಲಿಲ್ಲ. ಯಾವ ಬ್ಯಾಂಕು, ನಾಮಿನಿ ಯಾರು, ವಿಮೆ ಎಲ್ಲಿ, ಜಾಗದ ಪಟ್ಟೆ ಯಾರ ಕಪಾಟಿನಲ್ಲಿ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು. ಕೊಡಬೇಕಾದದ್ದನ್ನು ಮೊದಲು ಬರೆಸಿದರು. ಮಯ್ಯಿತ್‌ನ ಸಾಲ ತೀರಿದ ಮೇಲೆಯೇ ವಾರಸುದಾರರ ಪಾಲು ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮೊದಲ ಸಾಲಿನಲ್ಲಿ ಆಟೋದವರ ಹೆಸರಿತ್ತು. ಅದನ್ನು ಮರುದಿನವೇ ತೀರಿಸಿದೆವು, ಅವರು ತಂಗಿಯ ಹತ್ತಿರ ಇಷ್ಟು ಅವಸರ ಯಾಕೆ ಅಂದರಂತೆ. ಒಟ್ಟು ಮೊತ್ತ ನಾವು ಅಂದುಕೊಂಡದ್ದಕ್ಕಿಂತ ಕಮ್ಮಿ ಇತ್ತು. ಮನೆಯವರು ಹೆದರಿದ್ದಕ್ಕಿಂತ ಜಾಸ್ತಿ ಇತ್ತು.

ಆ ರಾತ್ರಿಯೇ ಉಮ್ಮನಿಗೆ ಫೋನ್ ಮಾಡಿ ಏಪ್ರಿಲ್‌ನಿಂದ ನಡೆದದ್ದನ್ನೆಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಆಫೀಸಿಗೆ ಹೊರಟವನ ಫೋನಿನಲ್ಲಿ ಹಿಂದೆ ಮಿಕ್ಸಿ ಸದ್ದು ಹೇಗೆ ಕೇಳುತ್ತದೆ ಎಂದು ನಾನು ಆಗಲೇ ಯೋಚಿಸಿದ್ದೆ ಅಂದರು.

ಈಗ ಅವರು ವಾಕರ್ ಹಿಡಿದು ನಡೆಯುತ್ತಾರೆ. ಗ್ರಾನೈಟ್ ಮೇಲೆ ಉದ್ದಕ್ಕೆ ರಬ್ಬರ್ ಚಾಪೆ ಹಾಸಿದ್ದೇವೆ, ಕೆಳಗಿನ ಒಂದೇ ಕೋಣೆ ಇಟ್ಟುಕೊಂಡು ಮೇಲಿನ ಮಹಡಿಯನ್ನು ದೇರಳಕಟ್ಟೆಯ ಕಾಲೇಜಿನಲ್ಲಿ ಓದುವ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ನೆಂಟರಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ. ಉಮ್ಮನಿಗೆ ಮಾತ್ರ ರಾತ್ರಿ ಮೇಲೆ ಓಡಾಡುವ ಸದ್ದು ಕೇಳುತ್ತದೆಂದು ಖುಷಿ. ಹಾಳೆಯ ಒಂದು ಪ್ರತಿ ತಂಗಿಯ ಕಪಾಟಿನಲ್ಲಿದೆ, ಇನ್ನೊಂದು ಇಲ್ಲಿ, ಮುಸಲ್ಲಾ ಇಟ್ಟ ಅದೇ ಚೀಲದಲ್ಲಿ.