ಸಂಭಾವನೆ: ತಮ್ಮ ಇಚ್ಛೆ

ನಮ್ಮಲ್ಲಿ ಸಂಗೀತವನ್ನು ಹೊಗಳದವರಿಲ್ಲ. ಸಂಗೀತಗಾರನಿಗೆ ಅವನು ಕೇಳುವ ಮೊದಲೇ ಹಣ ಕೊಟ್ಟವರನ್ನು ಮಾತ್ರ ದುರ್ಬೀನು ಹಾಕಿ ಹುಡುಕಬೇಕು. ಮಾತು ಒರಟಾಯಿತೆಂದು ವಾಚಕ ಮಹಾಶಯರು ಮುನಿಯಬಾರದು. ಕೊಡದವರ ಸಾಲಿನಲ್ಲಿ ಮುಂದೆ ನಿಂತಿರುವವನು ನಾನೇ ಆದುದರಿಂದ, ಒರಟಾಗಿ ಹೇಳುವ ಅಧಿಕಾರವೂ ನನಗುಂಟೆಂದು ಭಾವಿಸಿದ್ದೇನೆ.

ಕೆಲವು ವಾರಗಳ ಹಿಂದೆ ಹಾಸನದಲ್ಲಿ ಒಂದು ಸಾಹಿತ್ಯ ಸಮಾರಂಭ. ಅಧ್ಯಕ್ಷತೆ ವಹಿಸಿದ್ದ ಹಿರಿಯರು, "ಇಂದಿನ ತರುಣರು ಸರಸ್ವತಿಯನ್ನು ಸಂತೆಯಲ್ಲಿ ಕೂರಿಸಿದ್ದಾರೆ, ಕಲೆ ಸೇವೆಯೇ ಹೊರತು ಸರಕಲ್ಲ" ಎಂದು ಅಪ್ಪಣೆ ಕೊಡಿಸಿದರು. ಚಪ್ಪಾಳೆ ಬಿತ್ತು. ಅಭ್ಯಾಸಬಲದಿಂದ ನಾನೂ ತಟ್ಟಿದೆ. ಹಿರಿಯರು ಬಂದದ್ದು ಸಂಘದವರು ಗೊತ್ತುಮಾಡಿದ ಕಾರಿನಲ್ಲಿ. ಹೊರಡುವಾಗ ಅವರ ಕೈಗೆ ಒಂದು ಲಕೋಟೆಯನ್ನೂ ಇಟ್ಟರು. ತಪ್ಪೇನಿಲ್ಲ, ಇಡಲೇಬೇಕು. ಆದರೆ ಅದೇ ವೇದಿಕೆಯಲ್ಲಿ ಪ್ರಾರ್ಥನೆ, ನಾಡಗೀತೆ, ಸಾಲದುದಕ್ಕೆ ಭಾಷಣಗಳ ನಡುವೆ ಜನ ಎದ್ದುಹೋಗದಂತೆ ನಾಲ್ಕು ಭಾವಗೀತೆ ಹಾಡಿದ ಹುಡುಗನಿಗೆ ಸಿಕ್ಕಿದ್ದು ಒಂದು ಶಾಲು, ಒಂದು ಬುಟ್ಟಿ ಹಣ್ಣು. ತಬಲದವನಿಗೆ ಅವನೇ ತನ್ನ ಜೇಬಿನಿಂದ ಕೊಟ್ಟು ಕಳಿಸಿದ.

ಆ ಹುಡುಗ ನಮ್ಮ ದುದ್ದದವನು, ನನ್ನ ಹಳೆಯ ವಿದ್ಯಾರ್ಥಿ. ರಾತ್ರಿ ಊರಿಗೆ ಹೊರಟ ಬಸ್ಸಿನಲ್ಲಿ ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕುಳಿತ. "ಇದು ಹದಿನೇಳನೆಯ ಶಾಲು ಮೇಷ್ಟ್ರೇ. ಅಮ್ಮ ಕೆಲವನ್ನು ಕತ್ತರಿಸಿ ದಿಂಬಿನ ಚೀಲ ಹೊಲಿದಿದ್ದಾಳೆ" ಎಂದ. ನಗುತ್ತಲೇ ಹೇಳಿದ. ಹದಿನೇಳರಲ್ಲಿ ನಾಲ್ಕು ನಮ್ಮ ಕಾಲೇಜಿನವು. ನಾಲ್ಕು ಸಲವೂ ಅವನನ್ನು ಕರೆಸೋಣವೆಂದು ಸಮಿತಿಗೆ ಸೂಚಿಸಿದವನು ನಾನು.

ಹಗಲು ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲದ ಕಂತು ವಸೂಲಿಯ ಲೆಕ್ಕ ಬರೆಯುವ ಇವನಿಗೆ ಈಗ ಆ ಕಚೇರಿಯನ್ನು ಬಿಟ್ಟು ಈ ಕಚೇರಿಯನ್ನೇ ನಂಬಬೇಕೆಂಬ ಆಸೆ. ಸಿನಿಮಾದ ಬಾಗಿಲು ಕಾಯುವ ಮನಸ್ಸಿಲ್ಲ. ತಾನೇ ಸ್ವರ ಹಾಕಿದ ಹಾಡು, ತಾನೇ ಕೂಡಿಸಿಕೊಂಡ ವಾದ್ಯದವರು, ಮನೆಯಲ್ಲಿ ನಾಲ್ಕು ಜನ ಶಿಷ್ಯರು, ಇಷ್ಟರಿಂದ ಬದುಕಬೇಕು. "ಬಿಟ್ಟುಬಿಡಲೇ?" ಎಂದು ಕೇಳಿದ. ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ: "ದೊಡ್ಡ ದೊಡ್ಡವರೆಲ್ಲ ಕೆಲಸದಲ್ಲಿದ್ದುಕೊಂಡೇ ಹಾಡಿದರಪ್ಪ." ಮನೆಗೆ ಹೋಗಿ ಮಲಗಿದ ಮೇಲೆ ಆ ಮಾತು ಗಂಟಲಿನ ಮುಳ್ಳಾಯಿತು.

ಮಾತೇನೋ ಸುಳ್ಳಲ್ಲ. ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನೇ ನೋಡಿ. ಕಾವೇರಿಯ ದಡದ ಆ ಪುಟ್ಟ ಊರಿನಷ್ಟು ಸಂಗೀತಗಾರರನ್ನು ಕೊಟ್ಟ ಗ್ರಾಮ ಕನ್ನಡ ನಾಡಿನಲ್ಲಿ ಇನ್ನೊಂದನ್ನು ನಾನು ಕಾಣೆ. ಅಲ್ಲಿ 1920ರಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಅನ್ನ ಕೊಟ್ಟದ್ದು ಆಕಾಶವಾಣಿಯ ಕೆಲಸ. ರುದ್ರಪಟ್ಟಣ ಸಹೋದರರಲ್ಲಿ ಒಬ್ಬರಾದ ತಾರಾನಾಥನ್ ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ ವಿಜ್ಞಾನಿಯಾಗಿದ್ದರು. ಸುಗಮ ಸಂಗೀತದ ಕಡೆ ಬಂದರೆ ಶಿವಮೊಗ್ಗ ಸುಬ್ಬಣ್ಣ ವಕೀಲರು. ಸಿ. ಅಶ್ವತ್ಥ್ ದೀರ್ಘಕಾಲ ಬೆಂಗಳೂರಿನ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯ ನೌಕರರು.

ಇದರಿಂದ ನಾವು ತೆಗೆದ ತೀರ್ಮಾನವನ್ನು ನೋಡಿ: ಹಾಡುವವನಿಗೆ ಬೇರೆಡೆ ಸಂಬಳ ಬರುತ್ತದೆ, ಆದುದರಿಂದ ಹಾಡಿಗೆ ಹಣ ಬೇಡ! ನಿಜವಾಗಿ ತೆಗೆಯಬೇಕಾಗಿದ್ದ ತೀರ್ಮಾನ ಬೇರೆ. ವೀಣೆ ಶೇಷಣ್ಣನವರನ್ನೂ ವಾಸುದೇವಾಚಾರ್ಯರನ್ನೂ ಮೈಸೂರಿನ ಅರಮನೆ ಸಾಕಿತು. ಅರಮನೆ ಹೋದ ಮೇಲೆ ಆ ಜಾಗದಲ್ಲಿ ಆಕಾಶವಾಣಿ ನಿಂತಿತು. ಆಕಾಶವಾಣಿ ಎಲ್ಲರನ್ನೂ ಸಾಕಲಾರದಾದಾಗ ಕಾರ್ಖಾನೆ, ಬ್ಯಾಂಕು, ಕೋರ್ಟುಗಳು ಬಂದವು. ಕನ್ನಡಿಗರು ಅಶ್ವತ್ಥರ ಹಾಡಿಗೆ ತಲೆದೂಗುತ್ತಿದ್ದಾಗ ಅವರ ಮನೆಯ ಅಕ್ಕಿ ಬೇಳೆಯ ಲೆಕ್ಕ ಟೆಲಿಫೋನ್ ಕಾರ್ಖಾನೆಯ ಪಾಲಿಗಿತ್ತು. ನಾವು, ಅಂದರೆ ರಸಿಕರೆಂದು ಕರೆಸಿಕೊಳ್ಳುವವರು, ಮೂರು ತಲೆಮಾರಿನಿಂದ ಪರರ ಖರ್ಚಿನಲ್ಲಿ ಸಂಗೀತ ಕೇಳುತ್ತ ಬಂದಿದ್ದೇವೆ.

ಈಗ ಅಂಥ ಕೆಲಸವಾದರೂ ಎಲ್ಲಿದೆ? ಹೊತ್ತಿಗೆ ಸರಿಯಾಗಿ ಬಿಡುವ, ಕಚೇರಿಗೆ ರಜೆ ಕೊಡುವ, ಕೊನೆಗೆ ಪಿಂಚಣಿಯನ್ನೂ ಕೊಡುವ ಕೆಲಸ ನನ್ನ ಶಿಷ್ಯನ ಕಾಲಕ್ಕೆ ಉಳಿದಿಲ್ಲ. ಅವನ ಕಂಪನಿಯಲ್ಲಿ ತಿಂಗಳ ಗುರಿ ಮುಟ್ಟದಿದ್ದರೆ ಭಾನುವಾರವೂ ಬರಬೇಕು. ಅವನಿಗೆ "ಕೆಲಸದಲ್ಲಿದ್ದುಕೊಂಡೇ ಹಾಡು" ಎಂದು ಬುದ್ಧಿ ಹೇಳುವುದು, ಕೆರೆ ಬತ್ತಿದ ಮೇಲೆ ಈಜು ಕಲಿಸಿದಂತೆ.

ಹಾಡಿ ದುಡಿಯುವುದು ಹೀನ ಎಂಬ ಭಾವನೆಯ ಬೇರನ್ನೂ ಸ್ವಲ್ಪ ಕೆದಕಬೇಕು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಕುಲದ ಹೆಣ್ಣುಮಗಳು. ಮೈಸೂರು, ಬೆಂಗಳೂರು, ಮದರಾಸು ಎಂದು ಊರು ಬದಲಿಸಿ, ತಮ್ಮ ಕಂಠವೊಂದನ್ನೇ ನಂಬಿ ಮನೆ ಕಟ್ಟಿ ಬಾಳಿದರು. ಸ್ವತಂತ್ರ ಸಂಗೀತಗಾರರೆಂದು ಈಗ ಯಾರನ್ನು ಕರೆಯುತ್ತಾರೋ ಅಂಥವರು ನಮ್ಮಲ್ಲಿ ನೂರು ವರ್ಷಗಳ ಹಿಂದೆಯೇ ಇದ್ದರು. ಹಾಗೆ ದುಡಿದ ಹಣವನ್ನು ಸುರಿದು 1920ರ ದಶಕದಲ್ಲಿ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಇಂದಿಗೂ ಆರಾಧನೆಯ ದಿನ ವಿದ್ವಾಂಸರು ಅಲ್ಲಿ ಕಾಸು ಮುಟ್ಟದೆ ಸೇವೆಯೆಂದು ಹಾಡುತ್ತಾರೆ. ಹಾಡಲಿ, ಬಹಳ ಚಂದ. ಆದರೆ ಆ ಸೇವೆಗೆ ನೆರಳು ಕೊಟ್ಟಿರುವುದು ಒಬ್ಬ ಹೆಂಗಸು ಹಾಡಿ ಗಳಿಸಿದ ಹಣ ಎಂಬುದನ್ನು ನಮ್ಮ ಅಧ್ಯಕ್ಷ ಮಹಾಶಯರಿಗೆ ಯಾರಾದರೂ ನೆನಪಿಸಬೇಕು. ದುಡ್ಡು ಕೇಳಿ ಹಾಡುವುದು ಅಂಥ ಕುಲದವರ ಪದ್ಧತಿ, ಕೇಳದಿರುವುದು ಮರ್ಯಾದಸ್ಥರ ಲಕ್ಷಣ ಎಂದು ನಾವು ಗೆರೆ ಎಳೆದೆವು. ಆ ಗೆರೆಗೆ "ಕಲಾಸೇವೆ" ಎಂಬ ಹೆಸರಿಟ್ಟೆವು.

ನಮ್ಮ ಮದುವೆ ಮನೆಗಳನ್ನು ನೋಡಿ. ಅಡಿಗೆಯವರಿಗೆ ಮುಂಗಡ, ಶಾಮಿಯಾನದವನಿಗೆ ಮುಂಗಡ, ಫೋಟೋದವನಿಗೆ ಮುಂಗಡ. ವಾಲಗದವರು ತಲೆತಲಾಂತರದ ಅನುಭವಸ್ಥರು. ತೆಂಗಿನಕಾಯಿ, ವೀಳ್ಯದೆಲೆಯ ಜೊತೆಗೆ ರೂಪಾಯಿ ಎಣಿಸಿಕೊಳ್ಳದೆ ಒಪ್ಪಿಕೊಳ್ಳುವುದಿಲ್ಲ. ಆರತಕ್ಷತೆಗೆ ಹಾಡುವವನು ಬಂದಾಗ ಮಾತ್ರ, "ನಮ್ಮ ಹುಡುಗ, ಅವನಿಗೂ ಪ್ರಚಾರ ಸಿಕ್ಕಿದ ಹಾಗಾಯಿತು" ಎನ್ನುತ್ತೇವೆ. ಪ್ರಚಾರವನ್ನು ಅಂಗಡಿಗೆ ಒಯ್ದರೆ ಸೇರು ಅಕ್ಕಿ ಕೊಡುವವರುಂಟೆ? ಅಡಿಗೆ ಭಟ್ಟರಿಗೆ ಹಾಗೆಂದು ನೋಡಿ. ಸೌಟು ಕೆಳಗಿಟ್ಟು ಹೋಗುತ್ತಾರೆ.

"ಈಗ ಯೂಟ್ಯೂಬ್ ಇದೆಯಲ್ಲ, ಯಾರ ಹಂಗೂ ಬೇಡ" ಎನ್ನುವ ಉತ್ಸಾಹಿಗಳೂ ಇದ್ದಾರೆ. ಮೈಸೂರಿನ ರಘು ದೀಕ್ಷಿತರು ನೌಕರಿ ಬಿಟ್ಟು, ಶರೀಫಜ್ಜನ ಪದಗಳನ್ನು ತಮ್ಮ ದಾರಿಯಲ್ಲಿ ಹಾಡಿ ಸಾಗರದಾಚೆಗೂ ಹೋಗಿಬಂದದ್ದನ್ನು ಉದಾಹರಿಸುತ್ತಾರೆ. ಸಂತೋಷವೇ. ಆದರೆ ಒಬ್ಬರು ಹೊಳೆ ದಾಟಿದರೆಂದು ಸೇತುವೆ ಇದೆಯೆಂದು ಹೇಳಲಾದೀತೆ? ಯೂಟ್ಯೂಬಿನ ಜಾಹೀರಾತಿನಲ್ಲಿ ಪಾಲು ಬೇಕಾದರೆ ಸಾಮಾನ್ಯ ವಿಡಿಯೋಗಳನ್ನು ಹಾಕುವವನು 1000 ಚಂದಾದಾರರನ್ನೂ ವರ್ಷಕ್ಕೆ 4000 ಗಂಟೆಗಳ ವೀಕ್ಷಣೆಯನ್ನೂ ಮೊದಲು ತೋರಿಸಬೇಕು. ಸ್ಪಾಟಿಫೈ 2024ರಿಂದ ಮಾಡಿರುವ ನಿಯಮದಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ಬಿಡಿಗಾಸೂ ಇಲ್ಲ. ಹಾಡು ಲೋಕಕ್ಕೆ ಮುಟ್ಟುವುದು ಸುಲಭವಾಗಿದೆ, ಒಪ್ಪಿದೆ. ಹಣ ಹಾಡಿದವನ ಮನೆಗೆ ಮುಟ್ಟುವುದು ಸುಲಭವಾಗಿಲ್ಲ.

ಕಾನೂನು ನಮಗಿಂತ ಉದಾರವಾಗಿದೆ ಎಂಬುದು ನಾಚಿಕೆಯ ಸಂಗತಿ. 2012ರಲ್ಲಿ ಕೃತಿಸ್ವಾಮ್ಯದ ಕಾಯಿದೆಗೆ ತಂದ ತಿದ್ದುಪಡಿಯಿಂದ, ಗೀತೆ ಬರೆದವನೂ ಸ್ವರ ಹಾಕಿದವನೂ ಕಂಪನಿಗೆ ಏನೇ ಬರೆದುಕೊಟ್ಟಿದ್ದರೂ ತಮ್ಮ ರಾಯಲ್ಟಿಯ ಹಕ್ಕನ್ನು ಕಂಪನಿಯ ಕೈಗೆ ಬಿಟ್ಟುಕೊಡುವಂತಿಲ್ಲ. ಹಾಡುವ ಹುಡುಗರಿಗೂ ಇಲ್ಲಿ ಒಂದು ಮಾತು. ಬೇಂದ್ರೆಯವರ ಕವಿತೆಯ ಹಕ್ಕು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ ಅವರ ಹಕ್ಕುದಾರರದು. ತನ್ನ ಹಾಡಿಗೆ ಬೆಲೆ ಕೇಳುವವನು ಕವಿತೆಗೆ ಅನುಮತಿ ಕೇಳದೆ ಧ್ವನಿಮುದ್ರಿಸಿದರೆ ಅವನ ಬಾಯಿಯೂ ಕಟ್ಟಿಹೋಗುತ್ತದೆ. ನನ್ನ ಶಿಷ್ಯ ಈ ವಿಷಯದಲ್ಲಿ ಸ್ವಲ್ಪ ಅಸಡ್ಡೆಯವನು, ಗದರಿಸಿದ್ದೇನೆ.

ಕಳೆದ ಭಾನುವಾರ ಅವನು ಮನೆಗೆ ಬಂದಿದ್ದ. ಕಾರ್ಯಕ್ರಮ ಗೊತ್ತುಮಾಡಲು ಬರುವವರಿಗೆ ಕೊಡಲೆಂದು ಒಂದು ಹಾಳೆ ಬರೆದುಕೊಂಡಿದ್ದ, ಕನ್ನಡ ತಿದ್ದಿಕೊಡಬೇಕಂತೆ. ಎಷ್ಟು ಹೊತ್ತಿನ ಕಾರ್ಯಕ್ರಮ, ವಾದ್ಯದವರು ಎಷ್ಟು ಮಂದಿ, ಮೈಕಿನ ವ್ಯವಸ್ಥೆ ಯಾರದು, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದ. ಕೊನೆಯ ಸಾಲು ಮಾತ್ರ: "ಸಂಭಾವನೆ: ತಮ್ಮ ಇಚ್ಛೆ." ಸಂಭಾವನೆಯೆಂದರೆ ಮೂಲದಲ್ಲಿ ಮನ್ನಣೆ ಎಂದೇ ಅರ್ಥ ಎಂದು ಅವನಿಗೆ ಪಾಠ ಮಾಡಿದೆ. ಮನ್ನಣೆಯೂ ಹಣವೂ ಒಂದೇ ಪದದೊಳಗೆ ಇದ್ದವು. ಮನ್ನಣೆಯನ್ನು ಶಾಲಿನಲ್ಲಿ ಸುತ್ತಿಕೊಟ್ಟು ಹಣವನ್ನು ಒಳಗಿಟ್ಟುಕೊಂಡವರು ನಾವು. "ತಮ್ಮ ಇಚ್ಛೆ" ಎಂಬುದನ್ನು ಹೊಡೆದುಹಾಕಿ, ಅಲ್ಲಿ ಅಂಕಿ ಬರೆ ಎಂದೆ.

ಪೆನ್ನು ಹಿಡಿದು ಬಹಳ ಹೊತ್ತು ಕುಳಿತ. ಕೈ ಓಡಲಿಲ್ಲ. ಕೊನೆಗೆ ನಾನೇ ಒಂದು ಅಂಕಿ ಹೇಳಿದೆ; ವಾದ್ಯದವರ ಕೂಲಿ, ಬಸ್ಸಿನ ಚಾರ್ಜು, ಅವನ ತಿಂಗಳ ಸಂಬಳ, ಎಲ್ಲವನ್ನೂ ಕೂಡಿ ಕಳೆದು ಹೇಳಿದ ಅಂಕಿ.

"ಇಷ್ಟು ಕೇಳಿದರೆ ನಿಮ್ಮ ಕಾಲೇಜಿನವರು ಕರೀತಾರಾ ಮೇಷ್ಟ್ರೇ?" ಎಂದ.

ರಾಜ್ಯೋತ್ಸವದ ಸಮಿತಿಯ ಸಭೆ ಬರುವ ಗುರುವಾರ ಇದೆ. ಹಾಳೆಯನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.