ಫ್ಲೆಕ್ಸಿನಲ್ಲಿ ಕಾಣದ ತೋಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ಇದ್ದರೆ ಊರ ಅಗಸಿಯಲ್ಲೇ ಗೊತ್ತಾಗುತ್ತದೆ. ಫ್ಲೆಕ್ಸಿನ ತುಂಬ ಪೈಲ್ವಾನರು. ಲಂಗೋಟಿ ಬಿಟ್ಟರೆ ಮೈಮೇಲೆ ಬೇರೇನಿಲ್ಲ, ಹೆಗಲಿಗೆ ಗದೆ, ತೊಡೆ ಎದ್ದು ಕಾಣುವಂತೆ ಒಂದು ಕಾಲು ಮುಂದೆ. ಅದನ್ನು ಅಸಭ್ಯ ಎಂದವರನ್ನು ನಾನು ಕಂಡಿಲ್ಲ. ಸಾಮು, ಬಸ್ಕಿ, ಹಾಲು, ಬಾದಾಮಿ ಎಲ್ಲದರ ಲೆಕ್ಕ ಆ ಮೈಯಲ್ಲಿರುತ್ತದೆ.

ಹುಡುಗಿ ಪದಕ ತಂದಾಗ ಕಟ್ಟುವ ಫ್ಲೆಕ್ಸು ಬೇರೆ. ಕೊರಳಿನಿಂದ ಮೇಲಿನ ಮುಖ, ಇಲ್ಲವೇ ಶಾಲು-ಹಾರದೊಳಗೆ ಮುಳುಗಿದ ದೇಹ. ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್‌ನ 52 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಕುರಾಶ್ ಎಂದರೆ ಮಧ್ಯ ಏಷ್ಯಾದ ಕುಸ್ತಿ. ನಿಂತೇ ಆಡಬೇಕು, ಎದುರಾಳಿಯ ಅಂಗಿ ಹಿಡಿದು ಎತ್ತಿ ನೆಲಕ್ಕೆ ಕೆಡವಬೇಕು. ಗೆಲ್ಲಿಸುವುದು ಹಿಡಿತ, ಸೊಂಟ, ತೋಳು. ಇಂಥ ಗೆಲುವಿಗೆ ನಾವು ಮಾಡುವ ಸನ್ಮಾನದ ಫೋಟೋದಲ್ಲಿ ಈ ಮೂರನ್ನು ಬಿಟ್ಟು ಉಳಿದೆಲ್ಲ ಇರುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅದೇ ಫೋಟೋ ನಾಳೆ ಬೀಗರ ಮನೆಗೂ ಹೋಗಬಹುದು. 'ಗಂಡಸರ ಹಂಗ ಕಾಣ್ತಾಳ' ಎಂಬ ಒಂದು ಮಾತು ಸಾಕು, ಮನೆಯವರ ನಿದ್ದೆ ಕೆಡಲು. ಈ ಗುಮಾನಿ ಹಳ್ಳಿಯ ಕಟ್ಟೆಯಲ್ಲಷ್ಟೇ ಹುಟ್ಟುವುದಿಲ್ಲ. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರನ್ನು 2014ರಲ್ಲಿ ರಕ್ತದ ಹಾರ್ಮೋನು ಅಳೆದು ಸ್ಪರ್ಧೆಯಿಂದ ಹೊರಗಿಟ್ಟಿದ್ದರು. ಹೋರಾಡಿ ಮರಳಿ ಬಂದ ಅವರು, ತಮ್ಮ ಸಂಗಾತಿಯೂ ಹೆಣ್ಣೇ ಎಂದು 2019ರಲ್ಲಿ ಬಹಿರಂಗವಾಗಿ ಹೇಳಿದರು. ಆ ಧೈರ್ಯ ಎಲ್ಲರಿಗೂ ಇರಲಿ ಎನ್ನುವುದು ಸುಲಭ. ಫ್ಲೆಕ್ಸ್ ಕಟ್ಟುವ ಊರಿನಲ್ಲೇ ಪದಕ ತಂದ ಹುಡುಗಿ ಬಾಳಬೇಕಲ್ಲ.

ಹಾಗೆ ನೋಡಿದರೆ ನಮ್ಮ ಬೆಳಗಾವಿ ಜಿಲ್ಲೆಗೆ ಈ ಮುಜುಗರ ಒಪ್ಪುವುದಿಲ್ಲ. ಕುದುರೆ ಏರಿ ಕತ್ತಿ ಹಿರಿದ ಕಿತ್ತೂರು ಚೆನ್ನಮ್ಮನ ಪ್ರತಿಮೆಗೆ ನಾವೇ ಹಾರ ಹಾಕುತ್ತೇವೆ. ಅವಳ ಮೈಮೇಲೆ ಆಭರಣವೂ ಇದೆ, ಎತ್ತಿದ ತೋಳಿನಲ್ಲಿ ಬಲವೂ ಇದೆ.

ಮಹಾನಗರದ ಜಾಹೀರಾತಿನಲ್ಲಿ ಆಟಗಾರ್ತಿಯ ಶಾಲು ಜಾರಿ, ಕೂದಲು ಹರಡಿಕೊಳ್ಳುತ್ತದೆ. ಅಲ್ಲೂ ಸ್ನಾಯು ನುಣ್ಣಗಾಗಿ, ಬೆವರು ಒರೆಸಿಹೋಗಿರುತ್ತದೆ. ಆಟಗಾರ್ತಿ ತಾನಾಗಿ ಹಾಗೆ ಕಾಣಬಯಸಿದರೆ ನನ್ನ ತಕರಾರಿಲ್ಲ. ಆಟದ ಆಯುಷ್ಯ ಚಿಕ್ಕದು, ದುಡ್ಡು ಬೇಕು. ತಕರಾರು ಇರುವುದು ಹೇರುವವರ ಮೇಲೆ. ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ 2011ರಲ್ಲಿ ಆಟಗಾರ್ತಿಯರು ಸ್ಕರ್ಟನ್ನೇ ತೊಡಬೇಕೆಂದು ನಿಯಮ ಮಾಡಹೊರಟು, ಬೈಸಿಕೊಂಡು, ಮರುವರ್ಷ ಕೈಬಿಟ್ಟಿತು. ಅದೇ 2011ರಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆಗೂಡಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದರು. ಅದಕ್ಕೆ ಸ್ಕರ್ಟಿನ ನಿಯಮ ಬೇಕಾಗಿರಲಿಲ್ಲ.

ಕೊಡಗಿನ ಇನ್ನೊಬ್ಬ ಅಶ್ವಿನಿ, ಅಶ್ವಿನಿ ನಾಚಪ್ಪ, ಎಂಬತ್ತರ ದಶಕದಲ್ಲೇ ಓಟ ಮತ್ತು ಠೀವಿ ಎರಡನ್ನೂ ಒಂದೇ ಟ್ರ್ಯಾಕಿಗೆ ತಂದವರು. ಪತ್ರಿಕೆಗಳು ಅಮೆರಿಕದ ಓಟಗಾರ್ತಿಗೆ ಹೋಲಿಸಿ 'ಭಾರತದ ಫ್ಲೋ-ಜೋ' ಎಂದವು. 1988ರಲ್ಲಿ ಅರ್ಜುನ ಪ್ರಶಸ್ತಿ ಬಂತು, 1991ರಲ್ಲಿ ಅವರ ಹೆಸರಿನದೇ ತೆಲುಗು ಸಿನಿಮಾ ಬಂತು, ಅವರೇ ನಾಯಕಿ. ಮುಂದೆ ಕೊಡಗಿನಲ್ಲಿ ಶಾಲೆ ಕಟ್ಟಿ ಮಕ್ಕಳಿಗೆ ಆಟ ಕಲಿಸಿದರು. ಆ ಕಾಲದ ಓದುಗರನ್ನು ಕೇಳಿ ನೋಡಿ: ಮೊದಲು ಅವರ ಉಡುಪಿನ ಮಾತು ಬರುತ್ತದೆ, ಪಿ.ಟಿ. ಉಷಾ ಅವರನ್ನು ಹಿಂದಿಕ್ಕಿದ್ದು ಆಮೇಲೆ.