ಆದಿಯೂ ಚಯವೂ

ನಮ್ಮ ಬಾಲಿಕೆಯರು ಪ್ರೌಢಶಾಲೆಯಲ್ಲಿ ಸರಳರೇಖೆಯ ಸಮೀಕರಣವನ್ನು ಕಲಿಯುತ್ತಾರೆ. ಅಕ್ಷರಗಳಿದ್ದಲ್ಲಿ ಅಂಕಿಗಳನ್ನಿಟ್ಟು ಉತ್ತರವನ್ನು ತೆಗೆಯುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯನ್ನೂ ಹೊಂದುತ್ತಾರೆ. ಆದರೆ ಆ ಸಮೀಕರಣದಲ್ಲಿರುವ ಎರಡು ಅಂಕಿಗಳಲ್ಲಿ ಯಾವದು ಏನನ್ನು ತಿಳಿಸುತ್ತದೆಂದು ಕೇಳಿದರೆ ಅನೇಕರು ಸುಮ್ಮನಾಗುವರು. ಈ ಮೌನವನ್ನು ಅಲ್ಪವೆಂದು ಎಣಿಸಲಾಗದು.

ವಿಷಯವು ನಮ್ಮ ನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಸಮನಾಗಿ ಏರುವ ಶ್ರೇಢಿಯ ಮೊದಲನೆಯ ಪದಕ್ಕೆ ‘ಆದಿ’ ಎಂತಲೂ, ಹೆಜ್ಜೆಹೆಜ್ಜೆಗೂ ಕೂಡುವ ಮೊತ್ತಕ್ಕೆ ‘ಚಯ’ ಎಂತಲೂ ಹೆಸರುಂಟು. ಈ ಎರಡು ಮಾತುಗಳನ್ನೇ ನಾನು ಇಲ್ಲಿ ಎರವಲು ತೆಗೆದುಕೊಳ್ಳುತ್ತೇನೆ. ಒಂದು ಎಚ್ಚರಿಕೆ ಮಾತ್ರ ಬೇಕು. ಶ್ರೇಢಿಯ ಆದಿಯು ಮೊದಲನೆಯ ಹೆಜ್ಜೆಯದು. ಸರಳರೇಖೆಯ ಆದಿಯಾದರೋ ಒಂದು ಹೆಜ್ಜೆಯನ್ನೂ ಇಡುವ ಮುಂಚೆ, ಸೊನ್ನೆಯಲ್ಲಿಯೇ, ಇರುವ ಬೆಲೆ. ಮಕ್ಕಳ ಲೆಕ್ಕವು ಒಂದು ತಿಂಗಳು ಹೆಚ್ಚುಕಡಿಮೆಯಾಗುವದು ಬಹುಮಟ್ಟಿಗೆ ಇಲ್ಲಿಯೇ.

ಹೆಂಗಸರಿಗೆ ಬೀಜಗಣಿತವೇಕೆಂದು ಕೇಳುವ ಹಿರಿಯರು ಇಂದಿಗೂ ಇಲ್ಲದಿಲ್ಲ. ಅವರು ಈ ಸಂಗತಿಯನ್ನು ಚಿತ್ತಕ್ಕೆ ತಂದುಕೊಳ್ಳಲಿ. ಒಬ್ಬ ತಾಯಿಗೆ ಹೊಲಿಗೆಯ ಯಂತ್ರಕ್ಕಾಗಿ 10,000 ರೂಪಾಯಿ ಸಾಲ ಬೇಕಾಗಿದೆಯೆನ್ನೋಣ. ಒಬ್ಬ ಸಾಹುಕಾರನು ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯನ್ನು ಕೇಳುತ್ತಾನೆ. ಮತ್ತೊಬ್ಬನು ಒಂದೂವರೆ ರೂಪಾಯಿಯೇ ಸಾಕೆನ್ನುತ್ತಾನೆ. ಆದರೆ ಪತ್ರದ ಖರ್ಚೆಂದು 500 ರೂಪಾಯಿಗಳನ್ನು, ಬಡ್ಡಿಯಿಲ್ಲದೆ, ತನಗೆ ಬರತಕ್ಕ ಹಣದಲ್ಲಿ ಸೇರಿಸುತ್ತಾನೆ. ಇಬ್ಬರದೂ ಸರಳ ಬಡ್ಡಿ. ಇಬ್ಬರಿಗೂ ಕಡೆಯಲ್ಲಿ ಒಂದೇ ಸಾರಿ ತೀರಿಸತಕ್ಕದ್ದು. ಮೊದಲನೆಯವನ ಲೆಕ್ಕದಲ್ಲಿ ಆದಿ 10,000, ಚಯ 200. ಎರಡನೆಯವನದರಲ್ಲಿ ಆದಿ 10,500, ಚಯ 150. ಆರು ತಿಂಗಳಲ್ಲಿ ತೀರಿಸುವದಾದರೆ ಮೊದಲನೆಯವನಿಗೆ 11,200, ಎರಡನೆಯವನಿಗೆ 11,400 ಕೊಡಬೇಕು. ಹತ್ತು ತಿಂಗಳಿಗೆ ಎರಡೂ ಸರಿಯಾಗಿ 12,000. ಎರಡು ವರುಷ ಎಳೆದರೋ, ಮೊದಲನೆಯದು 14,800ಕ್ಕೆ ಏರುವದು, ಎರಡನೆಯದು 14,100ರಲ್ಲಿಯೇ ನಿಲ್ಲುವದು. ಆದುದರಿಂದ ಯಾವ ಸಾಲವು ಅಗ್ಗವೆಂಬ ಪ್ರಶ್ನೆಗೆ, ಎಷ್ಟು ದಿನಕ್ಕೆ ಎಂದು ತಿಳಿಯದೆ ಉತ್ತರವಿಲ್ಲ. ಬಡ್ಡಿಯನ್ನು ಮಾತ್ರ ನೋಡಿದವಳೂ ಮೋಸಹೋಗುವಳು, ಪತ್ರದ ಖರ್ಚಿಗೆ ಮಾತ್ರ ಹೆದರಿದವಳೂ ಮೋಸಹೋಗುವಳು. ಸಾಲದ ಹೊರೆಯನ್ನು ಅನೇಕ ಮನೆಗಳಲ್ಲಿ ಹೊರುವವಳು ಹೆಂಗಸೇ ಅಲ್ಲವೆ?

ಇನ್ನೊಂದು ತಪ್ಪು ಜ್ವರದ ಮಂಚದ ಬಳಿಯಲ್ಲಿ ನಡೆಯುವದು. ಅಜ್ಜಿಗೆ ಫಾರನ್‌ಹೀಟ್ ಅಂಕಿಗಳು ಪರಿಚಿತ. ಮೊಮ್ಮಗಳ ಕೈಯಲ್ಲಿರುವ ಉಷ್ಣಮಾಪಕವು ಸೆಲ್ಸಿಯಸ್ ಅಂಕಿಗಳನ್ನು ತೋರಿಸುತ್ತದೆ. ನೀರು ಹೆಪ್ಪುಗಟ್ಟುವದು ಒಂದರಲ್ಲಿ 32, ಮತ್ತೊಂದರಲ್ಲಿ ಸೊನ್ನೆ. ಕುದಿಯುವದು 212, 100. ಅಂದರೆ ಸೆಲ್ಸಿಯಸ್ಸಿನ ಪ್ರತಿ ಡಿಗ್ರಿಗೆ ಫಾರನ್‌ಹೀಟಿನಲ್ಲಿ 1.8 ಡಿಗ್ರಿ ಏರುವದು, ಇದು ಚಯ, 32 ಆದಿ. ಮಗುವಿನ ಮೈ 37ರಿಂದ 39ಕ್ಕೆ ಏರಿದರೆ, ಅಜ್ಜಿಯ ಲೆಕ್ಕದಲ್ಲಿ 98.6ರಿಂದ 102.2ಕ್ಕೆ ಏರಿತು. ಏರಿಕೆ 3.6 ಮಾತ್ರ. ಸೂತ್ರವನ್ನು ಕಂಠಪಾಠ ಮಾಡಿದ ಹುಡುಗಿಯೋ ಏರಿದ 2 ಡಿಗ್ರಿಗೂ 32ನ್ನು ಕೂಡಿಸಿ, 35.6 ಡಿಗ್ರಿ ಏರಿತೆಂದು ಹೇಳಿ ಮನೆಯವರನ್ನು ದಿಗಿಲುಗೊಳಿಸುವಳು. (ಪುಣ್ಯಕ್ಕೆ ಅಜ್ಜಿ ಇದನ್ನು ನಂಬಲಾರಳು.) ಏರಿಕೆಗೆ ಚಯ ಮಾತ್ರ ಸಲ್ಲುವದು, ಆದಿಯು ಇರುವಲ್ಲಿಯೇ ಇರುವದು.

ಆದುದರಿಂದ ಸೂತ್ರವನ್ನು ಮೊದಲು ಬರೆಯಿಸಿ, ಉದಾಹರಣೆಗಳನ್ನು ಪುಸ್ತಕದ ಕೊನೆಗೆ ನೂಕುವ ಪದ್ಧತಿಯನ್ನು ಉಪಾಧ್ಯಾಯರು ಬಿಡಬೇಕೆಂದು ನನ್ನ ಅಭಿಪ್ರಾಯ. ಸಾಲದ ಎರಡು ರೇಖೆಗಳನ್ನು ಚೌಕದ ಕಾಗದದ ಮೇಲೆ ಹುಡುಗಿಯೇ ಎಳೆಯಲಿ. ಅವು ಹತ್ತನೆಯ ತಿಂಗಳಲ್ಲಿ ಕೂಡುವದನ್ನು ಅವಳೇ ಕಾಣಲಿ. ಸೂತ್ರವು ಆಮೇಲೆ ಬರಲಿ.

ತಾಯಿತಂದೆಗಳೂ ಮನೆಯಲ್ಲಿ ಪರೀಕ್ಷಿಸಬಹುದು. ಬೆಂಗಳೂರಿನಲ್ಲಿ 2025ನೆಯ ಇಸವಿಯ ಆಗಸ್ಟ್ 1ರಿಂದ ಆಟೋರಿಕ್ಷಾಗಳಿಗೆ ಗೊತ್ತುಮಾಡಿದ ಬಾಡಿಗೆಯು ಮೊದಲನೆಯ 2 ಕಿಲೋಮೀಟರಿಗೆ 36 ರೂಪಾಯಿ, ಅಲ್ಲಿಂದ ಮುಂದೆ ಕಿಲೋಮೀಟರಿಗೆ 18 ರೂಪಾಯಿ. ಇದರಲ್ಲಿ ಆದಿ ಯಾವದೆಂದು ಮಗಳನ್ನು ಕೇಳಿರಿ. 36 ಎಂದು ಥಟ್ಟನೆ ಹೇಳುವಳು. ಆಗ ಎರಡು ಕಿಲೋಮೀಟರಿನಿಂದ ಆಚೆಗಿರುವ ರೇಖೆಯನ್ನು ಹಿಂದಕ್ಕೆ ಎಳೆಯಲು ಹೇಳಿರಿ. ಅದು ನೆಟ್ಟಗೆ ಸೊನ್ನೆಗೇ ಬಂದು ಮುಟ್ಟುವದು.